ಪೊಟ್ಟಣದ ಬೆನ್ನ ಮೇಲಿನ ಬರಹ

ಇಷ್ಟು ವರ್ಷ ಕನ್ನಡ ಪಾಠ ಹೇಳಿ ನನಗೊಂದು ಚಾಳಿ ಅಂಟಿಕೊಂಡಿದೆ. ಅಚ್ಚಾದದ್ದು ಏನೇ ಕಣ್ಣಿಗೆ ಬೀಳಲಿ, ಓದಬೇಕು. ಓದಿದ ಮೇಲೆ ಕೆಂಪು ಶಾಯಿಯ ಪೆನ್ನು ಹುಡುಕಬೇಕು. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ನಾನು ಬಿಟ್ಟವಳಲ್ಲ. ನಮ್ಮ ಹೆಂಗಸರು ಹಬ್ಬ ಹಬ್ಬಕ್ಕೂ ತಪ್ಪದೆ ಓದುವ, ಆದರೆ ಯಾವ ವಿಮರ್ಶಕನೂ ಮುಟ್ಟದ ಒಂದು ಬರಹವಿದೆ. ಜಾಮೂನು ಪುಡಿಯ ಪೊಟ್ಟಣದ ಹಿಂಬದಿಯಲ್ಲಿ ಇರುತ್ತದಲ್ಲ, ಅದು. ಇವತ್ತು ಅದನ್ನೇ ಕೈಗೆತ್ತಿಕೊಂಡಿದ್ದೇನೆ. ನಗಬೇಡಿ.

ಮೊದಲು ಭಾಷೆಯ ಮಾತು. 'ಬೇಕಾದಷ್ಟು ನೀರು ಸೇರಿಸಿ' ಎನ್ನುತ್ತದೆ. ಎಷ್ಟು ಬೇಕು ಎಂದು ಗೊತ್ತಿದ್ದವಳು ಪೊಟ್ಟಣವನ್ನು ಯಾಕೆ ಓದುತ್ತಾಳೆ? 'ಮಧ್ಯಮ ಉರಿ' ಎನ್ನುತ್ತದೆ. 'ಚಿಕ್ಕ ಉಂಡೆಗಳು' ಎನ್ನುತ್ತದೆ. ನಮ್ಮತ್ತೆ ಹೇಳುತ್ತಿದ್ದದ್ದು ಬೇರೆ ರೀತಿ: "ಗೋಲಿಯಷ್ಟು ಮಾಡಮ್ಮ, ಎಣ್ಣೇಲಿ ಒಂದು ಸಲ ಊದುತ್ತೆ, ಪಾಕದಲ್ಲಿ ಇನ್ನೊಂದು ಸಲ ಊದುತ್ತೆ." ಆ ಮಾತಿನಲ್ಲಿ ಅಳತೆಯೂ ಇದೆ, ಕಾರಣವೂ ಇದೆ. ಪೊಟ್ಟಣದ ಬರಹದಲ್ಲಿ ಉಪಮೆಯೇ ಇಲ್ಲ. ಎಷ್ಟು ಗ್ರಾಂ, ಎಷ್ಟು ನಿಮಿಷ ಎಂಬ ಅಂಕಿಗಳಿವೆ, ಯಾಕೆ ಎಂಬುದು ಇಲ್ಲ. ಹತ್ತಕ್ಕೆ ನಾಲ್ಕು ಅಂಕ ಕೊಡಬಹುದು.

ಆ 'ಯಾಕೆ' ಗೊತ್ತಿಲ್ಲದಿದ್ದರೆ ಆಗುವ ಅನಾಹುತ ನೀವೂ ಕಂಡಿರುತ್ತೀರಿ. ಹಿಟ್ಟು ಒಣಗಿದ್ದರೆ ಉಂಡೆ ಬಿರುಕು ಬಿಡುತ್ತದೆ. ಚಪಾತಿ ಹಿಟ್ಟಿನ ಹಾಗೆ ಮಿದ್ದರೆ ನಡುವೆ ಗಟ್ಟಿಯಾಗಿ ಕೂರುತ್ತದೆ. ಎಣ್ಣೆ ಕಾದು ಹೊಗೆಯಾಡುತ್ತಿದ್ದರೆ ಹೊರಗೆ ಕಪ್ಪು, ಒಳಗೆ ಹಸಿ. ಪಾಕ ಒಂದೆಳೆಗೆ ಬಂದುಬಿಟ್ಟರಂತೂ ಮುಗಿಯಿತು; ಜಾಮೂನು ಅದನ್ನು ಕುಡಿಯುವುದೇ ಇಲ್ಲ. ಬೆರಳಿಗೆ ಅಂಟಂಟಾದರೆ ಸಾಕು, ಎಳೆ ಬರಬಾರದು. ಪಾಕ ಬೆಚ್ಚಗಿರಬೇಕು, ಕುದಿಯುತ್ತಿರಬಾರದು. ಇಷ್ಟನ್ನು ಬರೆಯಲು ಆ ಪೊಟ್ಟಣದ ಮೇಲೆ ಜಾಗವಿಲ್ಲವೇ? ಮುಂಬದಿಯ ಬೆಳ್ಳಿ ಬಟ್ಟಲಿನ ಚಿತ್ರವನ್ನು ಸ್ವಲ್ಪ ಕಿರಿದು ಮಾಡಿದ್ದರೆ ಆಗುತ್ತಿತ್ತು.

ಇನ್ನು ಒಳಗಿನ ಸರಕು. ಮೈದಾ, ಹಾಲಿನ ಪುಡಿ, ಒಂದಿಷ್ಟು ಕೊಬ್ಬು, ಉಬ್ಬಿಸುವ ಸೋಡ. ಅಂದರೆ ಖೋವಾದ ಕೆಲಸವನ್ನು ಹಾಲಿನ ಪುಡಿ ಮಾಡುತ್ತದೆ. ಒಂದು ಲೀಟರು ಎಮ್ಮೆ ಹಾಲನ್ನು ಬತ್ತಿಸಿದರೆ ಸುಮಾರು 200 ಗ್ರಾಂ ಖೋವಾ. ಮೂವತ್ತು ಜನಕ್ಕೆ ಎರಡೆರಡು ಜಾಮೂನು ಬಡಿಸಬೇಕೆಂದರೆ ಅರ್ಧ ಕಿಲೋ ಖೋವಾ, ಎರಡೂವರೆ ಲೀಟರು ಹಾಲು ಬೇಕು. ತಳ ಹತ್ತದ ಹಾಗೆ ಯಾರೋ ಒಬ್ಬರು ನಿಂತು ತಿರುವುತ್ತಲೇ ಇರಬೇಕು. ಪಾಕಶಾಸ್ತ್ರ ಬರೆದವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಹನ್ನೊಂದನೆಯ ಶತಮಾನದ 'ಲೋಕೋಪಕಾರ'ದಲ್ಲಿ ಚಾವುಂಡರಾಯ ಅಡುಗೆಯ ವಿಷಯ ಬರೆದಿದ್ದಾನೆ. ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದ. ಬರೆದ ಕೈಗಳ ಹೆಸರು ಉಳಿದಿದೆ. ತಿರುವಿದ ಕೈಗಳದ್ದು?

ಈ ಪೊಟ್ಟಣಗಳ ಹುಟ್ಟೂ ಸ್ವಾರಸ್ಯವಾಗಿದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್, ನಮ್ಮ ಎಂ.ಟಿ.ಆರ್., ತುರ್ತು ಪರಿಸ್ಥಿತಿಯ ದಿನಗಳಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ಹೋಟೆಲು ನಡೆಸಲಾರದೆ ಮುಚ್ಚಬೇಕಾಯಿತು. ಆಗ ಕೆಲಸಗಾರರ ಕೈ ಖಾಲಿಯಾಗದಿರಲೆಂದು ಹಿಟ್ಟು, ಮಸಾಲೆಗಳನ್ನು ಪೊಟ್ಟಣ ಕಟ್ಟಿ ಮಾರುವ ದಾರಿ ಹಿಡಿದರು. ಪುಡಿಯ ಆ ಉದ್ಯಮವನ್ನು 2007ರಲ್ಲಿ ನಾರ್ವೆ ದೇಶದ ಕಂಪನಿಯೊಂದು ಕೊಂಡುಕೊಂಡಿತು. ಹೋಟೆಲಿನ ಕಷ್ಟದಿಂದ ಹುಟ್ಟಿದ ಪೊಟ್ಟಣ ಮನೆಯ ಕಷ್ಟಕ್ಕೆ ಒದಗಿದ್ದು ಹೀಗೆ.

ನನ್ನ ಕಷ್ಟಕ್ಕೆ ಅದು ಒದಗಿದ್ದು 1998ರಲ್ಲಿ. ನಮ್ಮತ್ತೆಯ ಮನೆ ದೇವರಾಯನದುರ್ಗದಲ್ಲಿ, ಭೋಗ ನರಸಿಂಹನ ದೇವಸ್ಥಾನದಿಂದ ಕೂಗಳತೆಯಲ್ಲಿ. ಫಾಲ್ಗುಣದಲ್ಲಿ ತೇರು. ತೇರಿನ ದಿನ ನೆಂಟರು ಮೇಲೆ ಬೆಟ್ಟ ಹತ್ತಿ ಯೋಗ ನರಸಿಂಹನ ದರ್ಶನ ಮಾಡಿ, ಇಳಿದು ನಮ್ಮ ಮನೆಗೆ ಊಟಕ್ಕೆ ಬರುವುದು ರೂಢಿ. ಜಾಮೂನು ಅತ್ತೆಯ ಕೈಯದು ಎಂದು ಹೆಸರು. ಆ ವರ್ಷ ಅವರ ಬಲಗೈ ಮಣಿಕಟ್ಟು ಊದಿಕೊಂಡಿತ್ತು. "ಈ ಸಲ ನೀನೇ ಮಾಡಿಕೊಂಡು ಬಾರಮ್ಮ" ಎಂದು ಹೇಳಿ ಕಳಿಸಿದರು. ಫಾಲ್ಗುಣವೆಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ. ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಎರಡು ಕಟ್ಟು, ಜ್ವರದಲ್ಲಿ ಮಲಗಿದ ನಾಲ್ಕು ವರ್ಷದ ಮಗಳು, ನಾನು. ಅಂಗಡಿಗೆ ಹೋಗಿ ಮೂರು ಪೊಟ್ಟಣ ತಂದೆ. ರಾತ್ರಿ ಒಂಬತ್ತಕ್ಕೆ ಒಲೆ ಹಚ್ಚಿ ಹತ್ತೂವರೆಗೆ ಆರಿಸಿದೆ. ಖಾಲಿ ಪೊಟ್ಟಣಗಳನ್ನು ನಾಲ್ಕಾಗಿ ಮಡಿಸಿ ಉತ್ತರಪತ್ರಿಕೆಯ ಚೀಲದ ಅಡಿಗಿಟ್ಟೆ. ಕಳ್ಳತನದ ಮಾಲಿನ ಹಾಗೆ!

ಮರುದಿನ ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ನಾಮದ ಚಿಲುಮೆ ದಾಟುವಷ್ಟರಲ್ಲಿ ಸೀರೆಗೆಲ್ಲಾ ಪಾಕ. ಊಟದ ಪಂಕ್ತಿಯಲ್ಲಿ ಒಬ್ಬರಾದ ಮೇಲೆ ಒಬ್ಬರು "ಖೋವಾದ್ದೇ ರುಚಿ ಬೇರೆ, ಅತ್ತೆ ಸೊಸೆಗೆ ಚೆನ್ನಾಗಿ ಕಲಿಸಿದ್ದಾರೆ" ಎಂದರು. ನಾನು ತುಟಿ ಬಿಚ್ಚಲಿಲ್ಲ. ತಲೆ ತಗ್ಗಿಸಿ ಎಲೆಗೆ ಉಪ್ಪು ಹಾಕುತ್ತಾ ಹೋದೆ. ಸಾಯಂಕಾಲ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಅತ್ತೆ ಹೇಳಿದರು: "ಖೋವಾ ಆಗಿದ್ದರೆ ನಾಲಿಗೆ ಮೇಲೆ ಮರಳು ಮರಳಾಗಿ ಸಿಗೋದು. ಇದು ನುಣ್ಣಗಿದೆ." ಬೆಳಗ್ಗೆಯೇ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿದ್ದರಂತೆ. ಅದಕ್ಕೇ ನೈವೇದ್ಯಕ್ಕೆ ಎಡಗೈಯಲ್ಲೇ ಹೆಸರುಬೇಳೆ ಪಾಯಸ ಮಾಡಿಟ್ಟಿದ್ದರು. ನೆಂಟರ ಮುಂದೆ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು ಅಳುವುದೊಂದು ಬಾಕಿ. ಅವರು ಕೇಳಿದ್ದು ಇಷ್ಟೇ: "ಎಷ್ಟು ಹೊತ್ತು ಹಿಡೀತು?" ಒಂದೂವರೆ ಗಂಟೆ ಎಂದೆ. ತುಂಬ ಹೊತ್ತು ಸುಮ್ಮನಿದ್ದು, "ನಲವತ್ತು ವರ್ಷ ತಿರುವಿದೀನಿ ನಾನು" ಎಂದು ಊದಿದ ಕೈಯನ್ನು ನೋಡಿಕೊಂಡರು.

ನನ್ನ ತಕರಾರು ಇರುವುದು ಇಲ್ಲಿ. ಪೊಟ್ಟಣ ಸುಳ್ಳು ಹೇಳಲಿಲ್ಲ. ಏನೇನು ಹಾಕಿದ್ದೇವೆಂದು ಬೆನ್ನ ಮೇಲೇ ಬರೆದುಕೊಂಡಿತ್ತು. ಮುಚ್ಚಿಟ್ಟವಳು ನಾನು. 'ಈಗಿನವರಿಗೆ ಎಲ್ಲಾ ರೆಡಿಮೇಡ್ ಬೇಕು' ಎಂದು ಮೂಗು ಮುರಿಯುವವರು ಪಾಯಸಕ್ಕೆ ಮನೆಯಲ್ಲೇ ಶಾವಿಗೆ ಹೊಸೆದು ಬಿಸಿಲಿಗೆ ಒಣಗಿಸುತ್ತಾರೆಯೇ? ಹುರಿದ ಶಾವಿಗೆಯ ಪೊಟ್ಟಣಕ್ಕೆ ಮರ್ಯಾದೆ ಬಂದಾಗಿದೆ, ಜಾಮೂನಿನದಕ್ಕೆ ಇನ್ನೂ ಬಂದಿಲ್ಲ, ಅಷ್ಟೆ. ಅಲ್ಲದೆ ಹೀಗೆ ಮೂಗು ಮುರಿಯುವವರಲ್ಲಿ ಎಷ್ಟು ಜನ ಒಲೆಯ ಮುಂದೆ ನಿಂತಿದ್ದಾರೆ, ಎಷ್ಟು ಜನ ಎಲೆಯ ಮುಂದೆ ಕೂತಿದ್ದಾರೆ, ಎಣಿಸಿ ನೋಡಿ. ಹಾಗೆಂದು ಪೊಟ್ಟಣವನ್ನು ತಲೆಯ ಮೇಲೆ ಹೊರಲೂ ನಾನು ಸಿದ್ಧಳಿಲ್ಲ. ಅದು ಖೋವಾ ತಿರುವುವ ಶ್ರಮ ಉಳಿಸಿತು ನಿಜ, ಪಾಕದ ಹದ ಮಾತ್ರ ಅತ್ತೆಯಿಂದಲೇ ಬರಬೇಕಾಯಿತು. ಅತ್ತೆಯಿಲ್ಲದ ಮನೆಯ ಹುಡುಗಿಗೆ ಆ ಬೆನ್ನ ಮೇಲಿನ ಎಂಟು ಸಾಲು ಏನೇನೂ ಸಾಲದು.

ಮುಂದಿನ ತೇರಿಗೆ ಅತ್ತೆಯೇ ಹೇಳಿ ಕಳಿಸಿದರು: "ಆ ಪುಡಿ ನಾಲ್ಕು ತಗೊಂಡು ಬಾ. ಪಾಕ ನಾನು ನೋಡ್ಕೋತೀನಿ." ಅವರಿರುವವರೆಗೂ ಹಾಗೆಯೇ ನಡೆಯಿತು. ನೈವೇದ್ಯಕ್ಕೆ ಪಾಯಸ, ಪಂಕ್ತಿಗೆ ಪೊಟ್ಟಣ.

ಹೋದ ಸಲ ಬೆಂಗಳೂರಿನಿಂದ ಮಗಳು ಬಂದಳು. ದುರ್ಗದ ಮನೆಯ ಬಾಗಿಲು ತೆಗೆದು ಒಂದು ದಿನ ಇದ್ದೆವು. ಅವಳ ಚೀಲದಿಂದ ಜಾಮೂನಿನ ತಗಡಿನ ಡಬ್ಬಿ ಹೊರಬಿತ್ತು. ಪಾಕದ ಸಮೇತ. ಕಿಟಕಿಯ ಆಚೆ ಕೋತಿಗಳು ಆಗಲೇ ಹಾಜರು. "ಇಷ್ಟನ್ನೂ ಮಾಡಿಕೊಳ್ಳಕ್ಕೆ ಆಗಲ್ವೇನೇ?" ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ಅದು ಯಾರ ಧ್ವನಿ ಎಂದು ಹೊಳೆಯಿತು. ಮಗಳು ಮುಖ ಸಣ್ಣದು ಮಾಡಿಕೊಂಡು, "ನಿನ್ನೆ ಆಫೀಸಿಂದ ಮನೆಗೆ ಬಂದಾಗ ಹನ್ನೊಂದು ಗಂಟೆ ಅಮ್ಮ" ಎಂದಳು.

ನಾನು ಡಬ್ಬಿ ಕೊಯ್ದು ಪಾಕವನ್ನು ಬಸಿದುಕೊಂಡು ನೋಡಿದೆ. ತೀರಾ ನೀರು. ಎರಡು ಏಲಕ್ಕಿ ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ ಬೆರಳಿಗೆ ಅಂಟುವವರೆಗೆ ಕಾಯಿಸಿದೆ. "ಇಲ್ಲಿ ಬಾ, ಬೆರಳು ಹಚ್ಚಿ ನೋಡು" ಎಂದು ಅವಳನ್ನು ಒಲೆಯ ಹತ್ತಿರ ಕರೆದೆ.