ಮೆಟ್ರೋ ಗೋಡೆ ನೋಡಲು ಮೊದಲು ನುಗ್ಗೇಹಳ್ಳಿಗೆ ಹೋಗಿ

ಹಾಸನ, ಚನ್ನರಾಯಪಟ್ಟಣದ ಬಸ್ಸಿನಲ್ಲಿ ಬಂದು, ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಇಳಿದು ಮೆಟ್ರೋ ಹತ್ತುವ ನಮ್ಮವರನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಗೋಡೆಯಲ್ಲಿ ಚಿತ್ರ ಕಂಡರೆ ಅದಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಹೊಯ್ಸಳರ ಸೀಮೆಯಲ್ಲಿ ಹುಟ್ಟಿದವರಿಗೆ ಇದು ತಕ್ಕದ್ದಲ್ಲ.

ಪೀಣ್ಯ ನಿಲ್ದಾಣ ತೆರೆದದ್ದು 2014ರಲ್ಲಿ. ಸೃಷ್ಟಿ ಕಲಾಶಾಲೆಯವರು ಮೆಟ್ರೋ ನಿಗಮದೊಡನೆ ಸೇರಿ ಅಲ್ಲಿ ‘ಆರ್ಟ್ ಇನ್ ಟ್ರಾನ್ಸಿಟ್’ ಎಂಬ ಕಲಾಯೋಜನೆ ಶುರುಮಾಡಿದರು. ಆಮೇಲೆ ನೆಲದಡಿಯ ಕಬ್ಬನ್ ಪಾರ್ಕ್ ನಿಲ್ದಾಣಕ್ಕೂ ಅದು ಬಂತು. ನಿಲ್ದಾಣದ ಗೋಡೆಯ ಚಿತ್ರ ನಿಂತವರಿಗಲ್ಲ, ನಡೆಯುವವರಿಗೆ.

ನಡೆಯುತ್ತ ನೋಡುವುದನ್ನು ನಾನು ಕಲಿತದ್ದು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ. ಡ್ರಾಯಿಂಗ್ ಮೇಷ್ಟ್ರು ಏನೂ ವಿವರಿಸದೆ ನಮ್ಮಿಂದ ಪ್ರದಕ್ಷಿಣೆ ಹಾಕಿಸಿ, "ಕೈ ಎಲ್ಲಿ ಬದಲಾಯ್ತು ಹೇಳ್ರೋ" ಅಂದರು. ದಕ್ಷಿಣದ ಗೋಡೆ ಶಿಲ್ಪಿ ಬೈಚೋಜನದು, ಉತ್ತರದ್ದು ಶಿಲ್ಪಿ ಮಲ್ಲಿತಮ್ಮನದು. ಬೈಚೋಜನ ಮೂರ್ತಿಗಳಲ್ಲಿ ಗಾಂಭೀರ್ಯ, ಮಲ್ಲಿತಮ್ಮನವುಗಳಲ್ಲಿ ಚುರುಕು. ಕೆಳಗಿನ ಪಟ್ಟಿಕೆಯ ಆನೆಸಾಲು ಮೂಲೆ ಬಂದಲ್ಲೆಲ್ಲ ತಾನೂ ತಿರುಗಿ ಮುಂದೆ ಸಾಗುತ್ತದೆ. ಕಲ್ಲು ನಮ್ಮ ಜೊತೆ ನಡೆಯುತ್ತದೆಂದು ತಿಳಿದದ್ದು ಆವತ್ತು. ದೇವರು ಯಾರು ಎನ್ನುವ ಮೊದಲು ಉಳಿ ಯಾರದು ಎಂದು ಹುಡುಕುವ ಚಟ ಅಂಟಿದ್ದೂ ಆವತ್ತೇ.

ಮೆಟ್ರೋದಲ್ಲೂ ಮೂಲೆಯನ್ನೇ ಪರೀಕ್ಷಿಸಿ. ಗೋಡೆ ತಿರುಗಿದಲ್ಲಿ ಚಿತ್ರವೂ ತಿರುಗಿತೇ, ಕತ್ತರಿಸಿದಂತೆ ನಿಂತಿತೇ? ಕಂಬ ಅಡ್ಡ ಬಂದಲ್ಲಿ ಕಲಾವಿದ ಅದನ್ನು ಬಳಸಿಕೊಂಡನೇ, ಸಹಿಸಿಕೊಂಡನೇ? ಎಸ್ಕಲೇಟರಿನಲ್ಲಿ ಮೇಲೇರುವಾಗ ಯಾವ ಬಣ್ಣ ಮೊದಲು ಕಣ್ಣಿಗೆ ಬೀಳುತ್ತದೆ? ಗೆರೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಕೈ ಬದಲಾಗುತ್ತದೆ? ಒಂದು ರೈಲು ಹೋಗಲಿ ಬಿಡಿ, ಇನ್ನೊಂದು ಬರುತ್ತದೆ. ಕೊನೆಗೆ ಬರೆದವರ ಹೆಸರು ಹುಡುಕಿ.

ಮೇಲ್ಸೇತುವೆಯ ಕಂಬಕ್ಕೆ ಬಳಿದ ಸೂರ್ಯೋದಯ, ತೆಂಗಿನಮರ, ನವಿಲಿಗೆ "ಸೂಪರ್" ಎನ್ನುವವರ ಮಾತು ಕೇಳಬೇಡಿ. ಅದು ಬರೀ ಸುಣ್ಣಬಣ್ಣ. ಯಾವ ಊರಿನ ಕಂಬಕ್ಕೂ ಹೊಂದುತ್ತದೆ, ಯಾವ ಊರಿನದೂ ಅಲ್ಲ.

ಎಂ.ಜಿ. ರಸ್ತೆಯ ರಂಗೋಲಿ ಕಲಾಕೇಂದ್ರದ ರೀತಿ ಬೇರೆ, ಅಲ್ಲಿ ನಿಂತೇ ನೋಡಬೇಕು. ನಡೆಯುತ್ತ ನೋಡುವ ಗೋಡೆಗಳು ಹೊರದೇಶದಲ್ಲೂ ಇವೆ. ಸ್ಟಾಕ್‌ಹೋಮ್‌ನ ಮೆಟ್ರೋದಲ್ಲಿ ನೂರು ನಿಲ್ದಾಣಗಳ ಪೈಕಿ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಕಲೆಯಿದೆ. ಕೆಲವೆಡೆ ಬಂಡೆ ಕೊರೆದ ಗುಹೆಯ ಮೈಯೇ ಅಲ್ಲಿ ಚಿತ್ರಪಟ.

ಹೊಳೆನರಸೀಪುರ, ಅರಕಲಗೂಡಿನ ಬಸ್ ನಿಲ್ದಾಣದ ಗೋಡೆಗೂ ನಾಳೆ ಚಿತ್ರ ಬಂದೀತು. "ಇದು ಯಾರ ಕೈ?" ಎಂದು ಕೇಳುವ ಜನ ಇದ್ದರೆ ಒಳ್ಳೆಯ ಕೈಗಳು ಬರುತ್ತವೆ. ಕೇಳುವವರಿಲ್ಲದ ಗೋಡೆಗೆ ಫ್ಲೆಕ್ಸ್ ಅಂಟಿಸಿ ಬಿಲ್ ಮಾಡಿಕೊಂಡು ಹೋಗುತ್ತಾರೆ.