ತಲೆಯೋ ಮೈಯೋ: ಬಾಡಿ ಹಾರರ್ ನೋಡಹೊರಟವರಿಗೆ

ಬಾಡಿ ಹಾರರ್ ನೋಡುವಾಗ ಒಂದೆರಡು ಸಲ ಕಣ್ಣು ಮುಚ್ಚಿಕೊಂಡರೆ ಪರವಾಗಿಲ್ಲ, ಕಿವಿ ಮಾತ್ರ ಮುಚ್ಚಬೇಡಿ. ಅರ್ಧ ಕೆಲಸ ನಡೆಯುವುದು ಸದ್ದಿನಲ್ಲೇ. ಭೂತಬಂಗಲೆಯ ಸಿನಿಮಾದಲ್ಲಾದರೆ ಅಪಾಯ ಹೊರಗಿನದು. ಅಗಳಿ ಹಾಕಿಕೊಂಡು ಒಂದಿಷ್ಟು ಹೊತ್ತು ಉಸಿರಾಡಬಹುದು. ಇಲ್ಲಿ ಅಪಾಯ ಚರ್ಮದ ಒಳಗಿದೆ.

ಈ ಬಗೆಯ ದೊಡ್ಡ ಹೆಸರು ಕೆನಡಾದ ಡೇವಿಡ್ ಕ್ರೋನೆನ್‌ಬರ್ಗ್. 1975ರ ‘ಶಿವರ್ಸ್’ನಿಂದ ಶುರುಮಾಡಬೇಕಿಲ್ಲ, ಅದು ಇನ್ನೂ ಕೈ ಪಳಗದ ಕಾಲದ್ದು. ‘ದಿ ಫ್ಲೈ’ (1986) ಹಿಡಿಯಿರಿ. 1958ರ ಮೂಲಚಿತ್ರದಲ್ಲಿ ವಿಜ್ಞಾನಿಗೆ ಒಂದೇ ಏಟಿಗೆ ನೊಣದ ತಲೆ ಬಂದುಬಿಡುತ್ತದೆ. ಕ್ರೋನೆನ್‌ಬರ್ಗ್ ಅದನ್ನು ಕಾಯಿಲೆಯ ಹಾಗೆ ನಿಧಾನ ಮಾಡಿದರು. ಮೊದಲು ಹುರುಪು, ಮಿತಿಯಿಲ್ಲದ ಸಕ್ಕರೆಯ ಆಸೆ. ಬೆನ್ನ ಮೇಲೆ ಒರಟು ಕೂದಲು. ಆಮೇಲೆ ಉಗುರು ಕಿತ್ತು ಬರುತ್ತದೆ, ಕಿವಿ ಉದುರುತ್ತದೆ. ಉದುರಿದ್ದನ್ನೆಲ್ಲ ಆತ ಬಚ್ಚಲುಮನೆಯ ಔಷಧಿ ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಾನೆ. ಮೇಕಪ್ಪಿಗೆ ಆಸ್ಕರ್ ಬಂತು, ಸರಿ. ಆದರೆ ನೀವು ನೋಡಬೇಕಾದ್ದು ಆ ಕಪಾಟನ್ನು, ಮತ್ತು ಅವನನ್ನು ಬಿಟ್ಟುಹೋಗಲಾರದ ಹೆಂಗಸಿನ ಮುಖವನ್ನು.

ಕನ್ನಡದವರಿಗೆ ಇದು ಪೂರ್ತಿ ಹೊಸದಲ್ಲ. ಗಿರೀಶ ಕಾರ್ನಾಡರು ಮೊದಲೇ ‘ಹಯವದನ’ ನಾಟಕದಲ್ಲಿ ಇಬ್ಬರು ಗೆಳೆಯರ ತಲೆ ಅದಲುಬದಲು ಮಾಡಿದ್ದರು. ದೇವದತ್ತನ ತಲೆ ಹೊತ್ತ ಕಪಿಲನ ಕಟ್ಟುಮಸ್ತಾದ ಮೈ ಬರಬರುತ್ತಾ ಮೆತ್ತಗಾಗುತ್ತದೆ. ಅಲ್ಲಿ ತಲೆ ಗೆಲ್ಲುತ್ತದೆ, ‘ದಿ ಫ್ಲೈ’ಯಲ್ಲಿ ಮೈ ಗೆಲ್ಲುತ್ತದೆ. ಯಾವ ಬಾಡಿ ಹಾರರ್ ಚಿತ್ರ ಎದುರಾದರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ: ಇಲ್ಲಿ ಗೆಲ್ಲುವುದು ಯಾವುದು?

ಕ್ರೋನೆನ್‌ಬರ್ಗ್ ಅವರದೇ ‘ಡೆಡ್ ರಿಂಗರ್ಸ್’ಗೆ (1988) ಇದನ್ನೇ ಕೇಳಿದರೆ ಉತ್ತರ ತೊಡಕಾಗುತ್ತದೆ. ಅವಳಿ ವೈದ್ಯರಿಬ್ಬರೂ ಜೆರೆಮಿ ಐರನ್ಸೇ. ತಲೆ ಎರಡು, ಬದುಕು ಒಂದು. ರಕ್ತ ಕಡಿಮೆ, ಹೆದರಿಕೆ ಹೆಚ್ಚು. ಶಸ್ತ್ರಚಿಕಿತ್ಸೆಯ ಆ ವಿಚಿತ್ರ ಉಪಕರಣಗಳನ್ನು ನೋಡಿದರೇ ಸಾಕು. ನನ್ನ ಲೆಕ್ಕದಲ್ಲಿ ಇದೇ ಅವರ ಅತ್ಯುತ್ತಮ ಚಿತ್ರ. ‘ವಿಡಿಯೋಡ್ರೋಮ್’ ಆಮೇಲೆ ನೋಡಿದರಾಯಿತು.

ಇಷ್ಟಾದ ಮೇಲೆ ರಾಹಿ ಅನಿಲ್ ಬರ್ವೆಯವರ ‘ತುಂಬಾಡ್’ (2018). ನಾಯಕ ವಿನಾಯಕ ಪುಣೆಯಲ್ಲಿ ಸಂಸಾರ ಹೂಡಿದವನು, ಚಿನ್ನದ ನಾಣ್ಯಕ್ಕಾಗಿ ತುಂಬಾಡಿನ ವಾಡೆಗೆ ಮತ್ತೆ ಮತ್ತೆ ಹೋಗುವವನು. ಅಲ್ಲಿರುವ ಅಜ್ಜಿಯ ಮೈಯಿಂದ ಮರವೇ ಬೆಳೆದಿದೆ, ಸಾವಿಲ್ಲ. ಕ್ರೋನೆನ್‌ಬರ್ಗ್‌ನ ವಿಜ್ಞಾನಿ ಕೆಟ್ಟದ್ದು ಯಂತ್ರದೊಳಗೆ ನುಗ್ಗಿದ ಒಂದು ನೊಣದಿಂದ. ಬರ್ವೆಯವರಲ್ಲಿ ಮೈ ಕೆಡುವುದು ಆಸೆಬುರುಕತನಕ್ಕೆ ಪುರಾಣ ಕೊಡುವ ಶಿಕ್ಷೆಯಾಗಿ. ಅದಕ್ಕೇ ಮೊದಲನೆಯದರಲ್ಲಿ ಕನಿಕರ ಹುಟ್ಟುತ್ತದೆ, ಎರಡನೆಯದರಲ್ಲಿ ಎಚ್ಚರಿಕೆ. ಮುದುಕಿಯ ಮೇಕಪ್ಪಿನೊಳಗೆ ಇರುವವನು ಬಾಲನಟ ಮೊಹಮ್ಮದ್ ಸಮದ್; ವಿನಾಯಕನ ಮಗನೂ ಅವನೇ. ಇದನ್ನು ತಿಳಿದುಕೊಂಡು ಇನ್ನೊಮ್ಮೆ ನೋಡಿ. ನಾಣ್ಯ ಕಂಡಾಗ ಹೊಳೆಯುವ ಆ ಹುಡುಗನ ಕಣ್ಣು ಮುದುಕಿಗಿಂತ ಹೆಚ್ಚು ಹೆದರಿಸುತ್ತದೆ.