ನಾಯಕಿಯ ಪಗಾರ ಎಲ್ಲಿ ಹೋಯಿತು?

ಪ್ರೀತಿಯ ಬಗ್ಗೆ ಹೇಗೆ ಬರೆಯಬೇಕೆಂದು ಕನ್ನಡದ ಲೇಖಕಿಯರಿಗೆ ಯಾರೂ ಕಲಿಸಬೇಕಿಲ್ಲ. ತ್ರಿವೇಣಿ 'ಶರಪಂಜರ' ಬರೆದು ಅರ್ಧ ಶತಮಾನ ದಾಟಿದೆ. ಸಾಯಿಸುತೆಯವರ ಕಾದಂಬರಿಗಳು ಊರೂರ ವಾಚನಾಲಯಗಳಲ್ಲಿ ಹಾಳೆ ಸವೆಯುವಷ್ಟು ಓದಿಸಿಕೊಂಡವು. ಅದೇ ಓದು ಈಗ ಮೊಬೈಲಿಗೆ ಬಂದಿದೆ. 2014ರಲ್ಲಿ ಶುರುವಾದ ಪ್ರತಿಲಿಪಿ ಆ್ಯಪಿನಲ್ಲಿ ಹೆಣ್ಣುಮಕ್ಕಳು ಕಂತು ಕಂತಾಗಿ ಧಾರಾವಾಹಿ ಬರೆಯುತ್ತಾರೆ, ಓದುವವರು ಮುಂದಿನ ಕಂತಿಗೆ ತಗಾದೆ ಮಾಡುತ್ತಾರೆ. ನಾಯಕಿ ಸಾಫ್ಟ್‌ವೇರ್ ಇಂಜಿನಿಯರ್, ನಾಯಕ ಬಹಳ ಸಲ ಕಂಪನಿಯ ಒಡೆಯ. ಈ ಬರವಣಿಗೆಯನ್ನು ಹಗುರವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅಡಿಗೆಮನೆಯ ಕೆಲಸ ಮುಗಿಸಿ ರಾತ್ರಿ ಮೊಬೈಲಿನಲ್ಲೇ ಟೈಪು ಮಾಡುವ ಹೆಂಗಸರಿಗೆ ಇಷ್ಟು ಓದುಗರು ಹಿಂದೆಂದೂ ಸಿಕ್ಕಿರಲಿಲ್ಲ.

ನನ್ನ ತಕರಾರು ಬೇರೆ. ಈ ನಾಯಕಿ ಆಫೀಸಿನಲ್ಲಿ ಏನು ಮಾಡುತ್ತಾಳೆ? ನೂರಾರು ಕಂತು ಓದಿದರೂ ಅವಳು ಯಾವ ತಂಡದಲ್ಲಿದ್ದಾಳೆ, ಅವಳ ತಪ್ಪಿನಿಂದ ಏನು ಕೆಡುತ್ತದೆ, ಅಪ್ರೈಸಲ್ಲಿನಲ್ಲಿ ಅವಳನ್ನು ಯಾರು ಹಿಂದೆ ಹಾಕಿದರು, ಒಂದೂ ತಿಳಿಯುವುದಿಲ್ಲ. ಕೆಲಸ ಖಾಲಿ ಉಳಿದಲ್ಲಿ ಪ್ರೀತಿಯೂ ಸುಳ್ಳಾಗುತ್ತದೆ. ಅಮೆರಿಕದ ತಂಡದೊಂದಿಗೆ ರಾತ್ರಿ ಹನ್ನೊಂದಕ್ಕೆ ಮೀಟಿಂಗ್ ಇರುವವಳು ಯಾರನ್ನು, ಯಾವಾಗ ಭೇಟಿಯಾಗಬಲ್ಲಳು ಎಂಬುದನ್ನು ನಿರ್ಧರಿಸುವುದು ಆ ಮೀಟಿಂಗೇ. ಪಗಾರದ ಅರ್ಧವನ್ನು ಊರಿನ ಸಾಲಕ್ಕೆ ಕಟ್ಟುವವಳು ಒಬ್ಬನನ್ನು ಒಪ್ಪುವ, ಬಿಡುವ ರೀತಿಯೂ ಬೇರೆಯೇ.

ಇದನ್ನು ಬಲ್ಲ ಪರಂಪರೆ ನಮ್ಮಲ್ಲಿ ಇಲ್ಲವೆಂದಲ್ಲ. ಧಾರವಾಡದ ವೀಣಾ ಶಾಂತೇಶ್ವರ 'ಅವಳ ಸ್ವಾತಂತ್ರ್ಯ' ಕಥೆಯಲ್ಲಿ, ದುಡಿಮೆ ಹೆಣ್ಣಿಗೆ ಬಿಡುಗಡೆ ತರುತ್ತದೆಯೇ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ ನೇಮಿಚಂದ್ರ ವಿಜ್ಞಾನ, ಯಂತ್ರಗಳ ಲೋಕವನ್ನು ಹೆಣ್ಣಿನ ಬರಹದೊಳಗೆ ತಂದರು. ಸುಧಾ ಮೂರ್ತಿಯವರ 'ಡಾಲರ್ ಸೊಸೆ' ಹಣ ಮನೆಯೊಳಗಿನ ಮರ್ಯಾದೆಯನ್ನು ಹೇಗೆ ಅಳೆಯುತ್ತದೆಂದು ಹೇಳಿತು, ಅಲ್ಲಿಗೇ ನಿಂತಿತು. ಸಾಫ್ಟ್‌ವೇರ್ ಜಗತ್ತನ್ನು ಒಳಗಿನಿಂದ ಕಂಡು, ನಗರದ ಒಂಟಿ ದೇಹದ ಆಸೆಯನ್ನು ಅಂಜದೆ ಬರೆದದ್ದು ವಸುಧೇಂದ್ರರ 'ಮೋಹನಸ್ವಾಮಿ' (2013). ಅಲ್ಲಿರುವುದು ಗಂಡಿನ ಅನುಭವ. ಅಷ್ಟೇ ತೂಕದ ಹೆಣ್ಣಿನ ಪುಸ್ತಕಕ್ಕಾಗಿ ನಾನು ಇನ್ನೂ ಕಾಯುತ್ತಿದ್ದೇನೆ.

ಅದು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಿಂದ ಬರಬೇಕೆಂಬುದು ನನ್ನ ಆಸೆ. ಅದಕ್ಕೆ ಕಾರಣವಿದೆ. ಮೂಡಲಗಿ ಭಾಗದ ಕುಲಗೋಡ ತಮ್ಮಣ್ಣನ ಹೆಸರು ಶ್ರೀಕೃಷ್ಣ ಪಾರಿಜಾತ ಬಯಲಾಟದೊಂದಿಗೆ ಸೇರಿಹೋಗಿದೆ. ಹೂವು ರುಕ್ಮಿಣಿಯ ಪಾಲಾಯಿತೆಂದು ಸಿಟ್ಟಾದ ಸತ್ಯಭಾಮೆ ಗಂಡನನ್ನು ಕರೆತರಲು ದೂತಿಯನ್ನು ಅಟ್ಟುತ್ತಾಳೆ, ಅವಳ ಮುಂದೆ ತನ್ನ ಆಸೆ, ಅಹಂಕಾರ, ಸೋಲು ಎಲ್ಲವನ್ನೂ ಬಿಚ್ಚಿ ಹಾಡುತ್ತಾಳೆ. ಊರ ಜನ ರಾತ್ರಿಯೆಲ್ಲ ಕೂತು ಅದನ್ನು ಕೇಳುತ್ತಾರೆ. ಕೌಜಲಗಿ ನಿಂಗಮ್ಮ ಈ ಆಟದಲ್ಲಿ ಹೆಸರು ಮಾಡಿದ ಕಲಾವಿದೆ. ಬಣ್ಣ ಹಚ್ಚಿ ದುಡಿದವಳ ಬಾಯಲ್ಲೇ ಭಾಮೆಯ ಮುನಿಸು ಮಾತಾಡಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 'ಸಿಂಗಾರೆವ್ವ ಮತ್ತು ಅರಮನೆ'ಯಲ್ಲಿ ಒಡತಿಯ ಕಥೆಯನ್ನು ಜೊತೆಗಾತಿ ಶೀನಿಂಗವ್ವನ ಬಾಯಿಂದ ಹೇಳಿಸಿದರು. ಹೆಣ್ಣಿನ ಆಸೆಯನ್ನು ಇಷ್ಟು ಬಿಡುಬೀಸಾಗಿ ಆಡಿದ ನುಡಿ ಇಂದಿನ ಟೆಕ್ ಕಥೆಗಳಲ್ಲಿ ಎಲ್ಲಿದೆ? ಅಲ್ಲಿ ಉತ್ತರ ಕರ್ನಾಟಕದ ಮಾತು ಸಿಕ್ಕರೆ ನಗಿಸುವ ರೂಮ್‌ಮೇಟಿನ ಬಾಯಲ್ಲಿ ಮಾತ್ರ. ನಾಯಕಿ ಪ್ರೀತಿಯನ್ನು ಗ್ರಾಂಥಿಕದಲ್ಲಿ ಹೇಳುತ್ತಾಳೆ, ಇಲ್ಲವೇ ಇಂಗ್ಲಿಷಿನಲ್ಲಿ. 'ನನಗ ನೀ ಬೇಕು' ಅನ್ನಲು ಅವಳಿಗೆ ಯಾರೂ ಅವಕಾಶ ಕೊಟ್ಟಿಲ್ಲ.

ಡೇಟಿಂಗ್ ಆ್ಯಪನ್ನೇ ನೋಡಿ. 2014ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಂಬಲ್, ಗಂಡು ಹೆಣ್ಣಿನ ಜೋಡಿಯಲ್ಲಿ ಮೊದಲ ಮಾತು ಹೆಣ್ಣೇ ಆಡಬೇಕೆಂಬ ನಿಯಮ ಇಟ್ಟುಕೊಂಡು ಬಂತು. ಬೆಂಗಳೂರಿನಲ್ಲಿ ಅದು ಧೈರ್ಯ. ಗೋಕಾಕದ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಹುಡುಗಿ ಅದೇ ಆ್ಯಪನ್ನು ತೆರೆದರೆ, ಹತ್ತಿರದವರನ್ನು ತೋರಿಸುವ ಅದರ ಗುಣವೇ ಅವಳಿಗೆ ಕಂಟಕ. ಪರದೆಯ ಮೇಲೆ ಬರುವವನು ಅಣ್ಣನ ಗೆಳೆಯನಾಗಿರಬಹುದು, ಬೀಗರ ಮಗನಾಗಿರಬಹುದು. ಅದಕ್ಕೇ ಮುಖದ ಬದಲು ಗೋಕಾಕ ಫಾಲ್ಸಿನ ತೂಗುಸೇತುವೆಯ ಫೋಟೋ, ಹೆಸರಿನ ಬದಲು ಒಂದೇ ಅಕ್ಷರ. ಅತ್ತ ಅದೇ ಹೊತ್ತಿಗೆ ಅಪ್ಪ ಮ್ಯಾಟ್ರಿಮೋನಿಯಲ್ಲಿ ಅವಳ ಪೂರ್ತಿ ಹೆಸರು, ಒಳಪಂಗಡ, ಎತ್ತರ, ಪಗಾರ ತುಂಬಿ ಇಟ್ಟಿರುತ್ತಾನೆ. ಒಂದೇ ಹುಡುಗಿ ಒಂದು ಕಡೆ ಪೂರಾ ಬಯಲು, ಇನ್ನೊಂದು ಕಡೆ ಪೂರಾ ಮರೆ. ಈ ಎರಡು ಪ್ರೊಫೈಲುಗಳ ನಡುವೆಯೇ ಒಂದು ಕಾದಂಬರಿ ಇದೆ, ಮತ್ತು ಅದರ ನಡುಮಧ್ಯೆ ಇರುವುದು ಪಗಾರ: ಅಪ್ಪನಿಗೆ ಅದು ವರನನ್ನು ತರುವ ಅಂಕಿ, ಅವಳಿಗೆ ಬೇಡವೆನ್ನುವ ಬಲ.

ಇನ್ನೊಂದು ಕೊರತೆ ದಿಕ್ಕಿನದು. ಕನ್ನಡದ ಟೆಕ್ ಕಥೆಗಳಿಗೆ ಬೆಂಗಳೂರೊಂದೇ ಊರು. ಹುಕ್ಕೇರಿ, ಸಂಕೇಶ್ವರದವರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಹೆದ್ದಾರಿ ಹಿಡಿದು ಕೊಲ್ಹಾಪುರ ದಾಟಿದರೆ ಹಿಂಜವಡಿಯ ಐಟಿ ಪಾರ್ಕಿನ ದಾರಿ. ಅಲ್ಲಿ ಕೆಲಸಕ್ಕೆ ಸೇರಿದ ಹುಡುಗಿ ಮರಾಠಿಯಲ್ಲಿ ರಿಕ್ಷಾದವನೊಡನೆ ಚೌಕಾಸಿ ಮಾಡಿ, ಇಂಗ್ಲಿಷಿನಲ್ಲಿ ಆಫೀಸಿನ ಟಿಕೆಟ್ ಮುಚ್ಚಿ, ಹಿಂದಿಯಲ್ಲಿ ಚಾಟ್ ಮಾಡಿ, ರಾತ್ರಿ ಅವ್ವನೊಡನೆ ಕನ್ನಡದಲ್ಲಿ ಸುಳ್ಳು ಹೇಳುತ್ತಾಳೆ. ಗಡಿಯ ಬಗ್ಗೆ ನಾವು ಎಷ್ಟೊಂದು ಭಾಷಣ ಕೇಳಿದ್ದೇವೆ. ಆ ಗಡಿಯನ್ನು ಪ್ರತಿ ಶುಕ್ರವಾರ ಬಸ್ಸಿನಲ್ಲಿ ದಾಟಿ ಬರುವವಳು ನಮ್ಮ ಕಥೆಗಳಲ್ಲಿ ಇನ್ನೂ ಟಿಕೆಟ್ಟು ತೆಗೆಸಿಲ್ಲ.